ಕೇಸು ಮುಗಿಯಿತು, ಮನಸ್ಸಿನ ಲೆಕ್ಕ ಯಾರು ಇಡುವುದು?

ಬೀದರ್‌ನ ಶಾಹೀನ್ ಶಾಲೆಯ ಮೇಲಿನ ದೇಶದ್ರೋಹದ ಕೇಸನ್ನು ಹೈಕೋರ್ಟಿನ ಕಲಬುರಗಿ ಪೀಠ 2023ರ ಜೂನ್‌ನಲ್ಲಿ ರದ್ದು ಮಾಡಿತು. ಪೌರತ್ವ ಕಾಯ್ದೆಯ ಬಗ್ಗೆ 2020ರ ಜನವರಿಯಲ್ಲಿ ಮಕ್ಕಳು ಆಡಿದ ಒಂದು ನಾಟಕಕ್ಕಾಗಿ ಮುಖ್ಯ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಸುಮಾರು ಎರಡು ವಾರ ಜೈಲಿನಲ್ಲಿದ್ದರು. ಪೊಲೀಸರು ಮತ್ತೆ ಮತ್ತೆ ಶಾಲೆಗೆ ಬಂದು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಬಂದೂಕಿನ ಸಮೇತ ಪ್ರಶ್ನಿಸಿದ್ದು ಮೇಲ್ನೋಟಕ್ಕೆ ಬಾಲನ್ಯಾಯ ಕಾಯ್ದೆಯ ಉಲ್ಲಂಘನೆ ಎಂದು 2021ರಲ್ಲಿ ಹೈಕೋರ್ಟೇ ಹೇಳಿತ್ತು.

ಕಾನೂನಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ತನ್ನನ್ನು ಮನುಷ್ಯರ ಹಾಗೆ ನೋಡಲಿಲ್ಲ ಅಂತ ಒಂದು ಮಗುವಿಗೆ ಅನಿಸಿದರೆ, ಅದನ್ನು ಯಾವ ಕಡತದಲ್ಲಿ ಬರೆಯುವುದು?

ಅದನ್ನೂ ಅಳೆಯಬಹುದು ಅಂತಾರೆ ಮನಶ್ಶಾಸ್ತ್ರಜ್ಞರು. ಅಮೆರಿಕದ ಸಂಶೋಧಕರಾದ ನೂರ್ ಕ್ಟೇಲಿ, ಎಮಿಲ್ ಬ್ರೂನೊ ಅವರು ವಾನರನಿಂದ ಮನುಷ್ಯನವರೆಗಿನ ಚಿತ್ರಗಳ ಸಾಲು ತೋರಿಸಿ, ಬೇರೆ ಸಮುದಾಯದವರಿಗೆ 0ಯಿಂದ 100ರೊಳಗೆ ಅಂಕ ಕೊಡಿ ಎಂದರು. ಆಮೇಲಿನ ಅಧ್ಯಯನಗಳಲ್ಲಿ ಪ್ರಶ್ನೆ ತಿರುಗಿತು: ಅವರು ನಿಮ್ಮನ್ನು ಹೇಗೆ ನೋಡುತ್ತಾರೆ ಅಂತ ನಿಮಗನಿಸುತ್ತದೆ? 2016ರಲ್ಲಿ ಪ್ರಕಟವಾದ ಉತ್ತರ ಎಚ್ಚರಿಸುವಂಥದ್ದು. ತಮ್ಮನ್ನು ಮನುಷ್ಯರಿಗಿಂತ ಕೀಳಾಗಿ ಕಾಣುತ್ತಾರೆ ಅನಿಸಿದವರು ಎದುರಿನವರನ್ನೂ ಹಾಗೆಯೇ ಕಾಣತೊಡಗುತ್ತಾರೆ. ಹಾಗೆ ಅನಿಸಿದ ಅಮೆರಿಕದ ಮುಸ್ಲಿಮರಲ್ಲಿ ಭಯೋತ್ಪಾದನೆ ತಡೆಯಲು ಸಹಕರಿಸುವ ಮನಸ್ಸೂ ಕಡಿಮೆ ಎಂದು 2017ರ ಅಧ್ಯಯನ ತೋರಿಸಿತು. ಅಂದರೆ ಅವಮಾನ ಒಬ್ಬರ ಮನೆಯ ದುಃಖವಾಗಿ ಉಳಿಯುವುದಿಲ್ಲ, ಇಡೀ ಊರಿಗೇ ನಷ್ಟ.

ನಮ್ಮ ದೇಶದಲ್ಲಿ 2006ರ ಸಾಚಾರ್ ಸಮಿತಿ ಶಾಲೆ, ನೌಕರಿ, ಬ್ಯಾಂಕ್ ಸಾಲದ ಅಂಕಿಗಳನ್ನು ಕೊಟ್ಟಿತು. ದೇಶವಿರೋಧಿಗಳು ಎಂಬ ಹಣೆಪಟ್ಟಿ, ಓಲೈಕೆ ಪಡೆಯುವವರು ಎಂಬ ಆರೋಪ, ಈ ಎರಡೂ ಹೊರೆ ಮುಸ್ಲಿಮರ ಮೇಲಿದೆ ಎಂದೂ ಬರೆಯಿತು. ಈ ಹೊರೆ ಇಳಿದಿದೆಯೋ ಏರಿದೆಯೋ ಎಂದು ಆಡಳಿತ ಜನರನ್ನೇ ಕೇಳಿ ತಿಳಿಯಬೇಕು.

ಹಾಗೆಂದು ಅಳತೆಗೋಲು ಒಂದೇ ಕಡೆಗೆ ಅಲ್ಲ. ಕ್ಷೌರದ ಕೆಲಸದ ಮನೆತನದಿಂದ ಹೆಣ್ಣು ತರಲು ನಮ್ಮವರೇ ಹಿಂಜರಿಯುವುದಿಲ್ಲವೇ? ಘಟ್ಟದ ಮೇಲಿಂದ ಕೂಲಿಗೆ ಬಂದವರನ್ನು ಏಕವಚನದಲ್ಲಿ ಕರೆಯುವುದಿಲ್ಲವೇ? ಯಹೂದಿಯೊಬ್ಬರ ಜನಾಝಾ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತರು. ಅದೂ ಒಂದು ಜೀವ ಎಂಬುದೇ ಅವರು ಕೊಟ್ಟ ಕಾರಣ. ಇದನ್ನು ಮದ್ರಸದಲ್ಲಿ ಕಲಿಸುವ ನಾವು ಮೊದಲು ನಮ್ಮನ್ನೇ ಅಳೆದುಕೊಳ್ಳಬೇಕು.

ಬೀದರ್‌ನ ಚಿದ್ರಿಯಲ್ಲಾಗಲಿ, ಮಂಗಳೂರಿನ ಬಂದರಿನಲ್ಲಾಗಲಿ, ಜಮಾಅತ್‌ಗಳು ಒಂದು ಪುಸ್ತಕ ಇಡಲಿ. ಬಸ್ಸಿನಲ್ಲಿ, ಕಚೇರಿಯಲ್ಲಿ, ಬಾಡಿಗೆ ಮನೆ ಕೇಳುವಾಗ ಆದ ಅವಮಾನವನ್ನು ತಾರೀಕು, ಜಾಗ, ಆಡಿದ ಮಾತಿನ ಸಮೇತ ಬರೆದಿಡಲಿ; ನಮ್ಮವರಿಂದ ಬೇರೆಯವರಿಗೆ ಆದದ್ದನ್ನೂ ಅದೇ ಪುಸ್ತಕದಲ್ಲಿ ಬರೆಯಲಿ. ಬರೆದಿಟ್ಟ ನೋವಿಗೆ ನ್ಯಾಯ ಕೇಳಬಹುದು. ಬರೆಯದ ನೋವು ಮಕ್ಕಳ ಮನಸ್ಸಿನಲ್ಲಿ ದ್ವೇಷವಾಗಿ ಬೆಳೆಯುತ್ತದೆ.