ನಮ್ಮವರಿಗೆ ರೊಕ್ಕಾ ಹೆಂಗ ಕೇಳೂದು?

ಹೋದ ವಾರ ನಮ್ಮ ಓಣ್ಯಾಗಿನ ಹಿರ್ಯಾರೊಬ್ರು ಗಿರಣಿಗೆ ಜ್ವಾಳಾ ಬೀಸಾಕ ತಂದಿದ್ರು. ಸಂಬಂಧದಾಗ ನಮಗ ಮಾವ ಆಗಬೇಕು. ಡಬ್ಬಿ ಇಳಿಸಿ, ಟಾವೆಲ್ಲಿಲೆ ಬೆವರು ಒರಸ್ಕೊಂಡು, ಗ್ವಾಡಿ ಮ್ಯಾಲ ನಾ ಹೊಸದಾಗಿ ಬರಸಿದ ಬೋರ್ಡು ಓದಿದ್ರು. "ಬೀಸುವ ದರ ಕೆಜಿಗೆ 6 ರೂಪಾಯಿ. ಉದ್ರಿ ಇಲ್ಲ." ಎರಡು ಸಲ ಓದಿದ್ರು ಅಂತ ಕಾಣಸ್ತದ. ಆಮ್ಯಾಲ ನನ್ನ ಕಡೆ ತಿರಗಿ, "ಏನವಾ, ಇದು ನಮಗೂ ಏನ?" ಅಂದ್ರು.

"ಹೌದ್ರಿ ಮಾವಾರ, ಎಲ್ಲಾರಿಗೂ" ಅಂದೆ.

ಏನೂ ಅನಲಿಲ್ಲ, ರೊಕ್ಕಾ ಕೊಟ್ಟು ಹಿಟ್ಟು ಹೊತ್ಕೊಂಡು ಹೋದ್ರು. ಸಂಜಿಮುಂದ ನಮ್ಮತ್ತಿ ಗುಡಿಗೆ ಹೋದ್ರ ಮಾತು ಅವರಕಿಂತ ಮೊದಲ ಅಲ್ಲಿ ಮುಟ್ಟಿತ್ತು. "ನಿಮ್ಮ ಸೊಸಿ ಭಾಳ ಲೆಕ್ಕದಾಕಿ ಆಗ್ಯಾಳಂತಲ್ಲ?"

ಅತ್ತಿ ಬಂದು ಹೇಳಿದಾಗ ಮೊದಲು ಸಿಟ್ಟು ಬಂತು. ರಾತ್ರಿ ರೊಟ್ಟಿ ಬಡಿಯೂಮುಂದ ವಿಚಾರ ಮಾಡಿದೆ. ಲೆಕ್ಕದಾಕಿ ಅನ್ನೂದು ಬೈಗುಳ ಯಾಕ ಆತು? ಅದಕ್ಕ ನನಗ ತಿಳದಷ್ಟು ಇಲ್ಲಿ ಬರೀತೀನಿ.

ನಮ್ಮದು ಧಾರವಾಡ ಜಿಲ್ಲಾದಾಗಿನ ಒಂದು ಸಣ್ಣ ಊರು. ಗಿರಣಿ ಹಾಕಿದವರು ನಮ್ಮ ಮಾವನವರು. ಅವರ ಹಿಂದ ನಮ್ಮ ಮನಿಯವರು ನಡಸಿದ್ರು. ನಾಕು ವರ್ಷದ ಹಿಂದ ಅವರಿಗೆ ಬೆನ್ನಿನ ತ್ರಾಸಾಗಿ, ಡಾಕ್ಟರು ವಜ್ಜಾ ಎತ್ತಬ್ಯಾಡ್ರಿ ಅಂದಾಗಿಂದ ನಾನ ನಿಂತೀನಿ. ಒಂದು ಜ್ವಾಳಾ ಗೋಧಿ ಬೀಸೂ ಚಕ್ಕಿ, ಒಂದು ಖಾರಾ ಕುಟ್ಟೂ ಮಶೀನು. ಇಷ್ಟ ನಮ್ಮ ಕಾರಖಾನಿ.

ಗಿರಣಿ ಅಂದ್ರ ಬಟನ್ ಒತ್ತಿ ಕಾಳು ಸುರವೂದು ಅಂತ ಭಾಳ ಮಂದಿ ತಿಳದಾರ. ನಾನೂ ಮೊದಲು ಹಂಗ ತಿಳದಿದ್ದೆ. ಚಕ್ಕಿ ಕಲ್ಲು ತಿರಗಿ ತಿರಗಿ ಸವೀತಾವು. ಅವನ್ನ ಬಿಚ್ಚಿ ಟಾಕಿ ಹೊಡಸಬೇಕು. ಇಲ್ಲಂದ್ರ ಹಿಟ್ಟು ಸಣ್ಣ ಬರೂದಿಲ್ಲ, ಬಿಸಿ ಆಗಿ ಕಸುವು ಕಳಕೊಳ್ತದ. ಟಾಕಿ ಹೊಡಸಿದ ದಿನಾ ಮೊದಲಿನ ಹಿಟ್ಟಿನ್ಯಾಗ ಹರಳು ಬರ್ತದ. ಅದನ್ನ ಯಾರಿಗೂ ಕೊಡಾಕ ಬರೂದಿಲ್ಲ, ನಮ್ಮದ ಕಾಳು ಹಾಕಿ ಬೀಸಿ ಚೆಲ್ಲಬೇಕು. ಜ್ವಾಳದ ಹಿಂದ ಗೋಧಿ ಹಾಕಿದ್ರ ಮೊದಲಿನ ಒಂದೆರಡು ಮುಷ್ಟಿ ಜ್ವಾಳದ ಹಿಟ್ಟು ಗೋಧ್ಯಾಗ ಕೂಡ್ತದ. ಅದಕ್ಕ ಪಾಳಿ ಹಚ್ಚೂದು ಒಂದು ವಿದ್ಯಾ. ಜ್ವಾಳದವರು ಒಂದು ಕಡೆ, ಗೋಧಿಯವರು ಒಂದು ಕಡೆ, ಕಡ್ಲಿಬ್ಯಾಳಿಯವರು ಕಡೀಕ. "ನಾ ಮೊದಲ ಬಂದೀನಿ" ಅನ್ನವರಿಗೆ ಸಮಾಧಾನ ಹೇಳೂದು ಇನ್ನೊಂದು ವಿದ್ಯಾ.

ಜ್ವಾಳದ ಹಿಟ್ಟು ತಿಂಗಳಗಟ್ಟಲೆ ಇಡಾಕ ಬರೂದಿಲ್ಲ. ಹಳೇದಾದಂಗ ಜಿಗಿ ಹೋಗಿ ರೊಟ್ಟಿ ಬಡಿಯೂಮುಂದ ಹರೀತದ. ಅದಕ್ಕ ನಮ್ಮ ಕಡೆ ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಎಲ್ಲಾರೂ ಗಿರಣಿಗೆ ಬರಾಕ ಬೇಕು. ಊರಾಗ ಗುಡಿ ಬಿಟ್ರ ಇಷ್ಟು ಮಂದಿ ಬರೂ ಜಾಗಾ ಗಿರಣಿನ. ಬಂದವರೆಲ್ಲಾ ನಮ್ಮವರು. ಕಾಕಾ, ಮಾವ, ವೈನಿ, ಗೆಳತಿ, ಗೆಳತಿ ಅತ್ತಿ. ನಮ್ಮ ಮದಿವ್ಯಾಗ ಬುಂದೆ ಕಟ್ಟಿದವರು, ನಮ್ಮ ಮಾವನವರು ತೀರಿಕೊಂಡಾಗ ಹೆಗಲು ಕೊಟ್ಟವರು. ಇವರಿಗೆ "ಅರವತ್ತು ರೂಪಾಯಿ ಕೊಡ್ರಿ" ಅನ್ನಾಕ ನಾಲಿಗಿ ಏಳೂದಿಲ್ಲ. ಅವರೂ "ಬರಕೋ" ಅಂತಾರ, ನಾವೂ ಬರಕೋತೀವಿ.

ಹಂಗ ಬರಕೊಂಡ ವಹಿ ನಾ ಗಿರಣಿಗೆ ನಿಂತ ವರ್ಷ ದೀಪಾವಳಿ ಲಕ್ಷ್ಮೀ ಪೂಜಾದಾಗ ಕೂಡಿಸಿ ನೋಡಿದೆ. 23,000 ಚಿಲ್ರೆ ಬಂತು. ಅದ ವಾರ ಮೋಟಾರು ಸುಟ್ಟು ವೈಂಡಿಂಗ್ ಮಾಡಸಾಕ ನಾ ಸಂಘದಾಗ ಸಾಲಾ ತಗದಿದ್ದೆ. ಅಂದ್ರ ಊರ ಮಂದಿ ಉದ್ರಿಗೆ ಬಡ್ಡಿ ಕಟ್ಟಾಕಿ ನಾನು.

ಆದ್ರ ನನಗ ಕಣ್ಣು ತೆರಸಿದ್ದು ಆ 23,000 ಅಲ್ಲ. ಒಬ್ಬಾಕಿ ಗೆಳತಿ ಬಾಕಿ. ಆಕಿದು 1,860 ರೂಪಾಯಿ ಇತ್ತು. ನಾ ಒಮ್ಮೆನೂ ಕೇಳಿದ್ದಿಲ್ಲ. ಕೇಳಿದ್ರ ಸಂಬಂಧ ಕೆಡ್ತದ ಅಂತ ಸುಮ್ನಿದ್ದೆ. ಒಂದು ದಿನ ಆಕಿ ಬರೂದು ನಿಂತಿತು. ಮನ್ಯಾಗ ಸಣ್ಣ ಗಿರಣಿ ತಗೊಂಡಿರಬೇಕು ಅಂತ ತಿಳದೆ. ಆಮ್ಯಾಲ ತಿಳೀತು, ನಾಕು ಕಿಲೋಮೀಟರ್ ದೂರದ ಊರಿಗೆ ಮಗನ ಗಾಡಿ ಮ್ಯಾಲ ಹಿಟ್ಟಿನ ಡಬ್ಬಿ ಕಳಸ್ತಿದ್ಲು. ಅಲ್ಲಿ ರೋಖಾ ಕೊಡ್ತಿದ್ಲು! ಪಂಚಮಿಗೆ ಜೋಕಾಲಿ ಕಟ್ಟಿದಲ್ಲಿ ನನ್ನ ನೋಡಿ ಇನ್ನೊಂದು ಕಡೆ ಹೊಳ್ಳಿದ್ಲು. ಸಣ್ಣಾಕಿದ್ದಾಗಿಂದ ಒಂದ ತಾಟಿನ್ಯಾಗ ಉಂಡವರು ನಾವು.

ಆಕಿಗೆ ನಾ ಏನೂ ಅಂದಿದ್ದಿಲ್ಲ. ನನ್ನ ಮುಖ ಕಂಡ್ರ ಆಕಿಗೆ 1,860 ನೆನಪಾಗ್ತಿತ್ತು, ಅಷ್ಟ. ರೊಕ್ಕಾ ಕೇಳಿದ್ರ ಸಂಬಂಧ ಹೋಗ್ತದ ಅಂತ ಅಂಜಿ ಕುಂತೆ. ಕೇಳಲಾರದಕ್ಕ ಸಂಬಂಧನೂ ಹೋತು, ರೊಕ್ಕಾನೂ ಹೋತು, ಗಿರಾಕಿನೂ ಹೋತು. ದರಾ ಏರಿಸಿದ್ದಕ್ಕ ಗಿರಾಕಿ ಬಿಟ್ಟು ಹೋದದ್ದು ನಾ ನೋಡಿಲ್ಲ. ಎರಡು ದಿನಾ ಗೊಣಗ್ತಾರ, ಮೂರನೇ ದಿನಾ ಡಬ್ಬಿ ತರ್ತಾರ. ಬಾಕಿ ಇಟ್ಟವರು ಮಾತ್ರ ಸಪ್ಪಳ ಇಲ್ಲದಂಗ ಹೋಗಿಬಿಡ್ತಾರ.

ನಮ್ಮ ಹಿರ್ಯಾರು ಒಂದು ಮಾತು ಅಂತಾರ: "ಮೊದಲಿನ ಕಾಲದಾಗ ಊರಾಗ ಯಾರು ಯಾರಿಗೆ ರೊಕ್ಕಾ ಕೇಳ್ತಿದ್ರು? ಎಲ್ಲಾ ಹೊಂದಾಣಿಕಿ ಮ್ಯಾಲ ನಡೀತಿತ್ತು." ರೊಕ್ಕಾ ಕೇಳ್ತಿರಲಿಲ್ಲ, ಖರೇ. ಆದ್ರ ಪುಕ್ಕಟೆ ಇತ್ತೇನು? ಬಡಿಗ್ಯಾರು ಕೂರಿಗಿ ಮಾಡಿಕೊಡ್ತಿದ್ರು, ಕಂಬಾರರು ಕುಡಗೋಲು ಹರಿತ ಮಾಡ್ತಿದ್ರು, ಕುಂಬಾರರು ಗಡಿಗಿ ಕೊಡ್ತಿದ್ರು, ಹಡಪದವರು ಚೌರಾ ಮಾಡ್ತಿದ್ರು. ಸುಗ್ಗಿ ಬಂದಾಗ ಕಣದಾಗ ರಾಶಿ ಮುಂದ ನಿಂತು ಎಲ್ಲಾರೂ ತಮ್ಮ ತಮ್ಮ ಆಯ ಅಳಸಿಕೊಂಡು ಹೋಗ್ತಿದ್ರು. ಯಾರಿಗೆ ಎಷ್ಟು ಅನ್ನೂದು ಊರಿಗೆಲ್ಲಾ ಗೊತ್ತಿತ್ತು. ನಾಕು ಮಂದಿ ಮುಂದ ಕಾಳು ಅಳೀತಿದ್ರು. ಅಂದ್ರ ಅದೂ ಬೋರ್ಡ ಇದ್ದಂಗ, ಗ್ವಾಡಿ ಮ್ಯಾಲ ಇದ್ದಿಲ್ಲ, ಎಲ್ಲಾರ ತಲ್ಯಾಗ ಇತ್ತು ಅಷ್ಟ. ಮ್ಯಾಲ, ಆ ಆಯದಾಗ ಕಡಿಮಿ ಬಿದ್ರ ತಕರಾರು ಮಾಡೂ ಧೈರ್ಯ ಎಲ್ಲಾ ಜಾತಿಯವರಿಗೂ ಇರಲಿಲ್ಲ ಅನ್ನೂದನ್ನ ನಾವು ಮರೀಬಾರದು. ಆ ಕಾಲ ವಾಪಸ್ ಬರಲಿ ಅಂತ ನಾ ಅನ್ನಂಗಿಲ್ಲ. ಆದ್ರ ದುಡದವರಿಗೆ ಲೆಕ್ಕಾ ಹಾಕಿ ಕೊಡೂದು ಪ್ಯಾಟಿಯಿಂದ ಬಂದ ಹೊಸ ರೋಗ ಅಲ್ಲ ಅಂತ ಅನ್ನಾಕ ಬೇಕಾಗೇದ.

"ಬೋರ್ಡು ಹಾಕಿದ್ರ ಬಡವರು ಏನು ಮಾಡಬೇಕು?" ಅಂತ ನಮ್ಮ ಮನಿಯವರ ಕೇಳಿದ್ರು. ಈ ಪ್ರಶ್ನಿ ಸಣ್ಣದಲ್ಲ. ಇದರಾಗ ನಾ ಮಾಡಿದ ತಪ್ಪೂ ಹೇಳಬೇಕು.

ಗಿರಣಿಯವರಿಗೆ ಊರ ಮನಿಗಳ ಒಲಿ ಕಾಣಸ್ತದ. ಯಾರ ಮನ್ಯಾಗ ಬೀಗರು ಬಂದಾರ, ಯಾರ ಮಗಾ ಬ್ಯಾರೆ ಆದ, ಡಬ್ಬಿ ತೂಕದ ಮ್ಯಾಲ ಗೊತ್ತಾಗ್ತದ. ಒಬ್ಬಾಕಿ ಹತ್ತು ಕೆಜಿ ಜ್ವಾಳಾ ತರಾಕಿ ಆರಕ್ಕ ಬಂದ್ಲು, ಆಮ್ಯಾಲ ಮೂರಕ್ಕ ಬಂದ್ಲು. ಅದರಾಗೂ ಜ್ವಾಳಾ ಕಡಿಮಿ, ರೇಶನ್ ಅಕ್ಕಿ ಜಾಸ್ತಿ. ಗಂಡ ಜಡ್ಡಿಗೆ ಬಿದ್ದಿದ್ದ. ನನಗ ಕಳ್ಳು ಚುರಕ್ ಅಂತು. ಪಾಳ್ಯಾಗ ಆರೇಳು ಮಂದಿ ಇದ್ದಾಗ, "ನೀ ರೊಕ್ಕಾ ಕೊಡಬ್ಯಾಡ ತಂಗಿ, ಹಂಗ ಒಯ್ಯಿ" ಅಂದೆ. ಚಲೋ ಮಾಡಿದೆ ಅಂತ ತಿಳದಿದ್ದೆ. ಆಕಿ ಹಿಟ್ಟು ಒಯ್ದಾಕಿ ಮತ್ತ ಬರಲೇ ಇಲ್ಲ.

ಹದಿನೈದು ದಿನಾ ಆದ ಮ್ಯಾಲ ನಾನ ಅವರ ಮನಿಗೆ ಹೋದೆ. ಆಕಿ ಚಾ ಮಾಡಿದ್ಲು. ಭಾಳ ಹೊತ್ತು ಸುಮ್ನಿದ್ದು, "ಅಕ್ಕಾ, ಎಲ್ಲಾರ ಮುಂದ ಹಂಗ ಅನಬಾರದಿತ್ತು" ಅಂದ್ಲು. ಅಷ್ಟ ಅಂದದ್ದು. ನನಗ ಚಾ ಗಂಟಲಾಗ ಇಳೀಲಿಲ್ಲ.

ಈಗ ಆಕಿ ದಿನಾ ಮುಂಜಾನೆ ಎರಡು ತಾಸು ಗಿರಣಿಗೆ ಬಂದು ಕಾಳು ಹಸನ ಮಾಡ್ತಾಳ. ಊರಾಗ ವಯಸ್ಸಾದವರು, ನೌಕರಿ ಮಾಡವರು, ಹಸನ ಮಾಡಿ ತರಾಕ ಆಗದವರು ಭಾಳ ಅದಾರ. ಅದಕ್ಕ ಬ್ಯಾರೆ ದರಾ ಇಟ್ಟೀನಿ, ಅದು ಪೂರಾ ಆಕಿಗೆ. ತನ್ನ ಡಬ್ಬಿ ತಂದಾಗ ಆಕಿನೂ ಕೆಜಿಗೆ 6 ರೂಪಾಯಿ ಕೊಡ್ತಾಳ, ಪಾಳ್ಯಾಗ ನಿಂತು ಕೊಡ್ತಾಳ. ಬೋರ್ಡಿನ ಮ್ಯಾಲಿನ ದರಾ ಎಲ್ಲಾರಿಗೂ ಒಂದ ಇರಬೇಕು ಅಂತ ನನಗ ಖಾತ್ರಿ ಆದದ್ದು ಆಕಿನ್ನ ನೋಡಿ. ಮಾವನವರಿಗೆ ಸೋಡಿ ಕೊಟ್ಟು ಆಕಿ ಕಡೆ 6 ತಗೊಂಡ್ರ ಅದು ಯಾವ ನ್ಯಾಯ? ಸೋಡಿ ಕೇಳೂ ಧೈರ್ಯ ಇರೂದು ಉಳ್ಳವರಿಗೆ. ಇಲ್ಲದವರು ಕೇಳೂದೇ ಇಲ್ಲ.

ದರಾ ಯಾಕ 5 ಇದ್ದದ್ದು 6 ಆತು ಅಂತನೂ ಜಗಳಾ ಆತು. "ಈಗ ಕರೆಂಟು ಪುಕ್ಕಟೆ ಅದ ಅಲ್ಲವಾ?" ಅಂತಾರ. ಗೃಹಜ್ಯೋತಿ 2023ರಾಗ ಬಂದದ್ದು ಮನಿ ಮೀಟರಿಗೆ, ಗಿರಣಿ ಮೀಟರಿಗಲ್ಲ. ಗಿರಣಿ ತಿರಗಲಿ ಬಿಡಲಿ, ಮೋಟಾರಿನ ಎಚ್‌ಪಿ ಲೆಕ್ಕದ ಮ್ಯಾಲ ತಿಂಗಳಾ ನಿಗದಿ ಶುಲ್ಕ ತುಂಬಬೇಕು, ಸುಟ್ಟ ಯುನಿಟ್ಟಿನ ರೊಕ್ಕಾ ಬ್ಯಾರೆ. ಇದನ್ನ ಒಬ್ಬೊಬ್ಬರಿಗೆ ಬಿಡಿಸಿ ಹೇಳಿ ಸಾಕಾಗಿ ಹೋದ ಬ್ಯಾಸಗ್ಯಾಗ ಬಿಲ್ಲನ್ನ ಬೋರ್ಡಿನ ಬಾಜೂಕ ಅಂಟಿಸಿದೆ. ಓದಿದವರು ಸುಮ್ನಾದ್ರು. ಮುಚ್ಚಿಟ್ಟಷ್ಟು ಸಂಶೆ ಜಾಸ್ತಿ. ತೂಕದ ಮಾತೂ ಹಂಗ. ಬೀಸಿದಾಗ ಹಸಿ ಅಂಶ ಆರಿ, ಧೂಳಾಗಿ, ಸ್ವಲ್ಪ ತೂಕ ಇಳಿಯೂದ ಐತಿ. ಮೊದಲು ತೂಗಿ, ಆಮ್ಯಾಲ ಅವರ ಕಣ್ಣ ಮುಂದ ತೂಗಿ ತೋರಸಾಕ ಹತ್ತಿದ ಮ್ಯಾಲ "ಗಿರಣಿಯವರು ಹಿಟ್ಟು ತಗೀತಾರ" ಅನ್ನೂ ಮಾತು ನನ್ನ ಕಿವಿಗಂತೂ ಬಿದ್ದಿಲ್ಲ.

ಹಂಗಂತ ಊರಾಗ ಎಲ್ಲಾ ರೊಕ್ಕದ ಮ್ಯಾಲ ನಡೀಬೇಕು ಅಂತ ನಾ ಅನ್ನಾಕತ್ತಿಲ್ಲ. ನಮ್ಮ ಮನಿಯವರು ದವಾಖಾನ್ಯಾಗ ಹನ್ನೊಂದು ದಿನಾ ಇದ್ದಾಗ ಬಾಜೂ ಮನಿ ಹುಡುಗೂರು ಗಿರಣಿ ತಗದು ನಡಸಿದ್ರು. ನಾವು ವಾಪಸ್ ಬಂದಾಗ ಗಲ್ಲಾದಾಗ ರೊಕ್ಕಾ, ಚೀಟಿ ಮ್ಯಾಲ ಲೆಕ್ಕಾ, ಎರಡೂ ಕೂಡಿದ್ವು. ಬುತ್ತಿ ಕಟ್ಟಿ ಕಳಿಸಿದವರು ಎಷ್ಟು ಮಂದಿ! ಅದರ ಋಣಾ ನಾ ಬೀಸಿ ಕೊಟ್ಟು ತೀರಸಾಕ ಬರೂದಿಲ್ಲ. ಅವರ ಮನ್ಯಾಗ ಕಾರ್ಯ ಆದಾಗ ಶಾವಿಗಿ ಹೊಸೀತೀನಿ, ಜಡ್ಡು ಆದಾಗ ಕಾಯಾಕ ಕೂಡ್ತೀನಿ. ಋಣಾ ಬ್ಯಾರೆ, ಉದ್ರಿ ಬ್ಯಾರೆ. ಎರಡನ್ನೂ ಒಂದ ವಹ್ಯಾಗ ಬರದ್ರ ಎರಡೂ ಕೆಡ್ತಾವು.

ನಾ ಹಾಕ್ಕೊಂಡ ಕೆಲವು ಕಟ್ಟಳಿ ಅದಾವು, ಊರಾಗ ಸಣ್ಣ ಉದ್ಯೋಗ ಮಾಡೂ ಅಕ್ಕತಂಗೇರಿಗೆ ಉಪಯೋಗ ಆಗಬಹುದು. ರೊಟ್ಟಿ ಬಡದು ಖಾನಾವಳಿಗೆ ಕೊಡೂ ಹೆಣ್ಮಕ್ಕಳಿಗೆ ತಿಂಗಳ ಉದ್ರಿ ಕೊಡ್ತೀನಿ, ಅವರಿಗೆ ರೊಕ್ಕಾ ಬರೂದು ತಿಂಗಳಿಗೊಮ್ಮೆ. ಅದಕ್ಕ ತಾರೀಖು ಐತಿ, ನನ್ನ ವಹ್ಯಾಗೂ ಅವರ ವಹ್ಯಾಗೂ ಬರೀತೀವಿ. ಮದಿವ್ಯಾಗ, ಮಣ್ಣಿಗೆ ಹೋದಲ್ಲಿ, ನಾಕು ಮಂದಿ ಮುಂದ ಬಾಕಿ ಕೇಳೂದಿಲ್ಲ. ಸಾವಾದ ಮನಿಯಿಂದ, ಬಾಣಂತಿ ಇದ್ದ ಮನಿಯಿಂದ ಬಂದ ಮೊದಲಿನ ಡಬ್ಬಿಗೆ ರೊಕ್ಕಾ ತಗೊಳ್ಳೂದಿಲ್ಲ, ಅದು ಗೌಡರ ಮನಿ ಇರಲಿ, ಗುಡಿಸಲಾ ಇರಲಿ. ಮತ್ತ ಗಿರಣ್ಯಾಗ ಕಂಡದ್ದು ಗಿರಣ್ಯಾಗ ಉಳೀತದ.

ಗೆಳತಿಗೆ ಹೋದ ಯುಗಾದಿಗೆ ಬೇವು ಬೆಲ್ಲಾ ಒಯ್ದು ಕೊಟ್ಟು, "ಹಳೇ ಪುಟಾ ಹರದೀನಿ, ಇನ್ನ ಮ್ಯಾಲ ರೋಖಾ ತಗೊಂಡು ಬಾ" ಅಂದೆ. ಆಕಿ 1,860 ಪೂರಾ ಬಿಡಾಕ ಒಪ್ಪಲಿಲ್ಲ, ವಾರಕ್ಕ ನೂರರಂಗ ಕೊಟ್ಲು. ಈಗ ಬರ್ತಾಳ. ಮೊದಲಿನಂಗ ಮಾತಾಡ್ತಾಳ ಅಂತ ಹೇಳಾಕ ಬರೂದಿಲ್ಲ. ಆದ್ರ ಬರ್ತಾಳ.

ಮಾವನವರೂ ನಿನ್ನೆ ಬಂದಿದ್ರು. ಹನ್ನೆರಡು ಕೆಜಿ ಜ್ವಾಳಾ. ಎಪ್ಪತ್ತೆರಡು ರೂಪಾಯಿ ಎಣಿಸಿ ಕೈಯಾಗ ಇಟ್ರು. ಹೊಂಟಾಗ ಬೋರ್ಡಿನ ಕಡೆ ಕೈ ಮಾಡಿ, "ಅಕ್ಷರಾ ಭಾಳ ಸಣ್ಣ ಆಗ್ಯಾವವಾ, ನಮ್ಮಂಥಾ ಮುದುಕರಿಗೆ ಕಾಣೂದಿಲ್ಲ, ದೊಡ್ಡವು ಬರಸು" ಅಂದ್ರು. ಪೇಂಟರಗ ಹೇಳಿ ಕಳಿಸೀನಿ.