ಪಾಸ್ ಕ್ಲಾಸ್ ಆದರೇನಂತೆ?

ಡಿಗ್ರಿ ರಿಸಲ್ಟ್ ಬಂದ ದಿನ ಕೆಲವು ಮನೆಗಳಲ್ಲಿ ಸಿಹಿಯ ಬದಲು ಗೊಣಗಾಟ. ‘ಬರೀ 48 ಪರ್ಸೆಂಟ್ ಕಣ್ರೀ, ಇವನಿಗೆ ಯಾರು ಕೆಲಸ ಕೊಡ್ತಾರೆ?’ ಜೊತೆಗೆ ಪಕ್ಕದ ಮನೆ ಹುಡುಗಿಯ ಡಿಸ್ಟಿಂಕ್ಷನ್ ಪುರಾಣ ಬೇರೆ.

ಅಂಕಕ್ಕೆ ಬೆಲೆಯೇ ಇಲ್ಲ ಅಂತ ಸುಳ್ಳು ಸಮಾಧಾನ ಹೇಳಬೇಕಿಲ್ಲ. ಕ್ಯಾಂಪಸ್ ಆಯ್ಕೆಗೆ ಬರುವ ಎಷ್ಟೋ ಕಂಪನಿಗಳು 60 ಪರ್ಸೆಂಟ್ ಕೇಳುವುದು ನಿಜ. ಆದರೆ ಐಬಿಪಿಎಸ್ ನಡೆಸುವ ಬ್ಯಾಂಕ್ ಗುಮಾಸ್ತ, ಪ್ರೊಬೇಷನರಿ ಅಧಿಕಾರಿ ಪರೀಕ್ಷೆಗಳಿಗೆ, ಕೆಎಎಸ್‌ಗೆ, ಅಷ್ಟೇಕೆ ಐಎಎಸ್‌ಗೂ ಡಿಗ್ರಿ ಪಾಸಾಗಿದ್ದರೆ ಸಾಕು. ಬ್ಯಾಂಕ್ ಗುಮಾಸ್ತ ಪರೀಕ್ಷೆಯಲ್ಲಿ ಇಂಗ್ಲಿಷ್ ಬಿಟ್ಟು ಉಳಿದ ವಿಷಯಗಳನ್ನು ಕನ್ನಡದಲ್ಲೇ ಬರೆಯಬಹುದು.

ಅಲ್ಲಿ ಕಟ್ಟುನಿಟ್ಟಾಗಿ ನೋಡುವುದು ವಯಸ್ಸು. ಸಾಮಾನ್ಯ ವರ್ಗದವರಿಗೆ ಗುಮಾಸ್ತ ಹುದ್ದೆಗೆ 28, ಅಧಿಕಾರಿ ಹುದ್ದೆಗೆ 30ರ ಮಿತಿ. ಹಂಗಿಸುತ್ತಾ, ಮುನಿಸಿಕೊಳ್ಳುತ್ತಾ ಕಳೆದ ಎರಡು ವರ್ಷ ಮತ್ತೆ ಬರುವುದಿಲ್ಲ.

ಖಾಸಗಿ ಕೆಲಸವೇ ಬೇಕೆಂದರೆ, ಬಿ.ಕಾಂ. ಆದವರು ಟ್ಯಾಲಿ, ಜಿಎಸ್‌ಟಿ ರಿಟರ್ನ್ ಕಲಿತು ಆಡಿಟರ್ ಆಫೀಸಿನಲ್ಲಿ ಒಂದು ವರ್ಷ ದುಡಿಯಲಿ. ಸಂಬಳ ಕಡಿಮೆಯಾದರೂ ಮುಂದಿನ ಇಂಟರ್‌ವ್ಯೂನಲ್ಲಿ ಆ ಅನುಭವ ಕೈಹಿಡಿಯುತ್ತದೆ. ಬಯೋಡೇಟಾದಲ್ಲಿ 48 ಅನ್ನು 58 ಮಾಡುವ ಕೆಲಸ ಮಾತ್ರ ಬೇಡ. ಸರ್ಟಿಫಿಕೇಟ್ ಪರಿಶೀಲಿಸಿದಾಗ ಸಿಕ್ಕಿಬಿದ್ದರೆ ಸಿಕ್ಕ ಕೆಲಸವೂ ಹೋದೀತು.

ಅಮ್ಮಂದಿರೇ, ಮಾರ್ಕ್ಸ್ ಕಾರ್ಡ್ ಬೀರುವಿನಲ್ಲಿಡಿ. ನೆಂಟರು ‘ಎಷ್ಟು ಬಂತು?’ ಅಂದರೆ, ‘ಪಾಸಾಗಿದ್ದಾನೆ, ಬ್ಯಾಂಕ್ ಪರೀಕ್ಷೆಗೆ ಓದ್ತಿದ್ದಾನೆ’ ಅಂತ ತಲೆ ಎತ್ತಿ ಹೇಳಿ. ಒಳಗಿನ ಕೋಣೆಯಲ್ಲಿ ಕೂತ ಮಗನಿಗೂ ಅದು ಕೇಳಿಸಲಿ.