ತುಳಿದ ಊಟಕ್ಕೆ ಸಿಟ್ಟು, ತುಳಿದ ಊರಿಗೆ ಮೌನ

ಊಟ ಚೆಲ್ಲುವುದನ್ನು ನೋಡಿದರೆ ನಮಗೆ ಸಂಕಟವಾಗುತ್ತದೆ. ತಟ್ಟೆಯಿಂದ ಹೊರಗೆ ಬಿದ್ದ ಅಗುಳನ್ನೂ ಹೆಕ್ಕಿ ತಿನ್ನಬೇಕೆಂದು ಹಿರಿಯರಿಂದ ಹೇಳಿಸಿಕೊಂಡು ಬೆಳೆದವರು ನಾವು. ಅನ್ನಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಗಳೂ, ದುಂದುಗಾರಿಕೆ ಪಾಪವೆಂದು ಮಕ್ಕಳಿಗೆ ಕಲಿಸುವ ಮನೆಗಳೂ ನಮ್ಮ ಊರುಗಳಲ್ಲಿ ಅಕ್ಕಪಕ್ಕದಲ್ಲೇ ಇವೆ. ಹಾಗಿರುವಾಗ, ಇಬ್ಬರು ಹುಡುಗಿಯರು ಎತ್ತರದ ಹಿಮ್ಮಡಿಯ ಪಾದರಕ್ಷೆ ತೊಟ್ಟು ಔತಣದ ಮೇಜು ಹತ್ತಿ, ಬಡಿಸಿಟ್ಟ ಭಕ್ಷ್ಯಗಳನ್ನು ತುಳಿಯುತ್ತಾ ನಡೆಯುವ ದೃಶ್ಯ ಕಂಡು ನಮಗೆ ಸಿಟ್ಟು ಬಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವಿರುವುದು ಬೇರೆ ಕಡೆ. ಅದೇ ಚಿತ್ರದ ಆರಂಭದಲ್ಲೂ ಕೊನೆಯಲ್ಲೂ ಬಾಂಬು ದಾಳಿಯ ದೃಶ್ಯಗಳಿವೆ, ಪಾಳುಬಿದ್ದ ನಗರಗಳಿವೆ. ಅವನ್ನು ನೋಡಿ ಸಿಟ್ಟಿಗೆದ್ದವರು ಎಷ್ಟು ಮಂದಿ?

ಚಿತ್ರದ ಹೆಸರು ಝೆಕ್ ಭಾಷೆಯಲ್ಲಿ 'ಸೆಡ್ಮಿಕ್ರಾಸ್ಕಿ'. ಹೊರಜಗತ್ತಿಗೆ ಅದು 'ಡೈಸೀಸ್' ಎಂದು ಪರಿಚಿತ. 1966ರಲ್ಲಿ, ಅಂದಿನ ಕಮ್ಯುನಿಸ್ಟ್ ಝೆಕೊಸ್ಲೊವಾಕಿಯಾದಲ್ಲಿ ವೇರಾ ಖಿತಿಲೋವಾ ನಿರ್ದೇಶಿಸಿದ ಒಂದೂಕಾಲು ತಾಸಿನ ಅಸಂಗತ ವಿಡಂಬನೆ ಇದು. ಪ್ರಾಗ್‌ನ ರಾಷ್ಟ್ರೀಯ ಚಲನಚಿತ್ರ ಭಂಡಾರವು ಇದನ್ನು ಫೋರ್-ಕೆ ಗುಣಮಟ್ಟದಲ್ಲಿ ಜೀರ್ಣೋದ್ಧಾರ ಮಾಡಿದೆ. 2022ರಲ್ಲಿ ಕಾನ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಇದರ ಪ್ರದರ್ಶನವಾಯಿತು. ಅದೇ ವರ್ಷ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ಇದನ್ನು ಮನೆಯಲ್ಲೇ ನೋಡುವವರಿಗಾಗಿ ಬ್ಲೂ-ರೇ ತಟ್ಟೆಯಲ್ಲಿ ಹೊರತಂದಿತು. ಒಂದು ಕಾಲದಲ್ಲಿ ಸಂಸತ್ತಿನಲ್ಲಿ ಬೈಗುಳ ತಿಂದ ಚಿತ್ರ ಈಗ ಸಿನಿಮಾಪ್ರಿಯರ ಕಪಾಟಿನ ಅಲಂಕಾರವಾಗಿದೆ. ಸಂತೋಷ. ಆದರೆ ಅಂದು ಬೈದವರು ಕಾಣದಿದ್ದುದನ್ನು ಇಂದು ಹೊಗಳುವವರಾದರೂ ಕಂಡಿದ್ದಾರೆಯೇ? ನಮ್ಮ ತಕರಾರು ಇರುವುದು ಇಲ್ಲೇ.

ಚಿತ್ರದಲ್ಲಿ ಕಥೆ ಎನ್ನುವಂಥದ್ದು ಬಹಳ ಇಲ್ಲ. ಇಬ್ಬರು ಹುಡುಗಿಯರು, ಇಬ್ಬರ ಹೆಸರೂ ಮರಿಯೆ. ಪಾತ್ರ ಮಾಡಿದ ಯಿಟ್ಕಾ ಸೆರ್ಹೋವಾ ಮತ್ತು ಇವಾನಾ ಕರ್ಬಾನೋವಾ ವೃತ್ತಿಪರ ನಟಿಯರಾಗಿರಲಿಲ್ಲ. ಜಗತ್ತೇ ಕೆಟ್ಟಿದೆ, ಆದ್ದರಿಂದ ನಾವೂ ಕೆಡೋಣ ಎಂದು ಈ ಹುಡುಗಿಯರು ತೀರ್ಮಾನಿಸುತ್ತಾರೆ. ವಯಸ್ಸಾದ ಗಂಡಸರ ಖರ್ಚಿನಲ್ಲಿ ಹೋಟೆಲಿನಲ್ಲಿ ಹೊಟ್ಟೆ ತುಂಬ ತಿಂದು, ಅವರನ್ನು ರೈಲು ಹತ್ತಿಸಿ ಕಳಿಸುತ್ತಾರೆ. ಬಾಳೆಹಣ್ಣು, ಮೊಟ್ಟೆ ಎಲ್ಲವನ್ನೂ ಕತ್ತರಿಯಿಂದ ಕತ್ತರಿಸುತ್ತಾರೆ. ಕೊನೆಗೆ ಒಂದು ಭವನದೊಳಗೆ ನುಸುಳಿ, ಯಾರಿಗೋ ಸಿದ್ಧಪಡಿಸಿಟ್ಟ ಔತಣವನ್ನು ಹಾಳುಗೆಡವುತ್ತಾರೆ. ಕೇಕುಗಳನ್ನು ಒಬ್ಬರ ಮುಖಕ್ಕೊಬ್ಬರು ಎಸೆಯುತ್ತಾರೆ, ತೂಗುದೀಪಕ್ಕೆ ಜೋತುಬೀಳುತ್ತಾರೆ. ಆಮೇಲೆ ಅವರಿಗೆ ಶಿಕ್ಷೆಯೂ ಆಗುತ್ತದೆ. ನೀರಿಗೆ ಬಿದ್ದು ಸಹಾಯಕ್ಕಾಗಿ ಕೂಗುತ್ತಾರೆ. ಹಳೆ ಪತ್ರಿಕೆಗಳನ್ನು ಮೈಗೆ ಸುತ್ತಿಕೊಂಡು ಮರಳಿ ಬಂದು, ಒಡೆದ ಪಿಂಗಾಣಿ ಚೂರುಗಳನ್ನು ಜೋಡಿಸಿಟ್ಟು ಎಲ್ಲವೂ ಸರಿಯಾಯಿತೆಂದು ಪಿಸುಗುಟ್ಟುತ್ತಾರೆ. ಆಗ ತೂಗುದೀಪ ಕಳಚಿ ಅವರ ಮೇಲೆ ಬೀಳುತ್ತದೆ. ಕೂಡಲೇ ಪರದೆಯ ಮೇಲೆ ಬಾಂಬಿಗೆ ತುತ್ತಾದ ನಗರ. ಗುಂಡಿನ ಸದ್ದಿನ ಜೊತೆಗೆ ಅಕ್ಷರಗಳು ಒಂದೊಂದಾಗಿ ಮೂಡುತ್ತವೆ. ತುಳಿತಕ್ಕೊಳಗಾದ ತಿನಿಸಿಗೆ ಮಾತ್ರ ಸಿಟ್ಟಾಗಬಲ್ಲವರಿಗೆ ಈ ಚಿತ್ರ ಅರ್ಪಣೆ ಎಂಬುದು ಅದರ ತಾತ್ಪರ್ಯ.

ಆ ಅರ್ಪಣೆ ಸರಿಯಾದ ವಿಳಾಸಕ್ಕೇ ಹೋಗಿ ತಲುಪಿತು! 1967ರ ಮೇ ತಿಂಗಳಲ್ಲಿ ರಾಷ್ಟ್ರೀಯ ಸಭೆಯ ಸದಸ್ಯ ಯಾರೊಸ್ಲಾವ್ ಪ್ರುಝಿನೆಟ್ಸ್ 21 ಸದಸ್ಯರ ಪರವಾಗಿ ಎದ್ದು ನಿಂತರು. 'ಡೈಸೀಸ್' ಚಿತ್ರಕ್ಕೂ, ಯಾನ್ ನೆಮೆಟ್ಸ್ ನಿರ್ದೇಶನದ ಔತಣಕೂಟದ ಕುರಿತಾದ ಇನ್ನೊಂದು ವಿಡಂಬನೆಗೂ ಸಮಾಜವಾದದೊಂದಿಗೆ ಯಾವ ಸಂಬಂಧವೂ ಇಲ್ಲವೆಂದರು. ರೈತರು ಕಷ್ಟಪಟ್ಟು ಬೆಳೆಯುತ್ತಿರುವಾಗ ಜನರ ದುಡ್ಡಿನಲ್ಲಿ ಇಂಥ ಚಿತ್ರಗಳೇ ಎಂದು ಕೇಳಿದರು. ಇವುಗಳ ಪ್ರದರ್ಶನ ನಿಲ್ಲಬೇಕೆಂದರು.

ಈ ಆಕ್ಷೇಪವನ್ನು ನಾವು ನಕ್ಕು ತಳ್ಳಿಹಾಕಬಾರದು. ಬೆವರು ಸುರಿಸಿ ಬೆಳೆದವನ ಬೆಳೆಯನ್ನು ಕಲೆಯ ಹೆಸರಲ್ಲಿ ತುಳಿಯಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ರೈತನ ಪರವಾಗಿ ಮಾತನಾಡಿದ ಆ ಸದಸ್ಯರು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ. ಆ ಔತಣ ಯಾರಿಗಾಗಿ ಸಿದ್ಧವಾಗಿತ್ತು? ಮೇಜಿನ ತುಂಬ ಹುರಿದ ಕೋಳಿ, ಮಾಂಸ, ಕೇಕು, ಮದ್ಯ; ಉಣ್ಣುವವರು ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ. ಅಷ್ಟು ದೊಡ್ಡ ಭವನದಲ್ಲಿ ಅಂಥ ಔತಣ ಏರ್ಪಡುವುದು ರೈತರಿಗಂತೂ ಅಲ್ಲ ಎಂಬುದು ಯಾರಿಗೂ ತಿಳಿಯುವ ವಿಷಯ. ತಿಂದು ಮುಗಿಸುವ ಗಣ್ಯರ ಬಗ್ಗೆ ಚಕಾರವಿಲ್ಲ, ಚೆಲ್ಲಿದ ಹುಡುಗಿಯರ ಬಗ್ಗೆ ಮಾತ್ರ ಆಕ್ರೋಶ. ಬಡವನ ಹೆಸರು ಹೇಳಿ ಬಾಯಿ ಮುಚ್ಚಿಸುವ ಈ ಜಾಣತನ ಎಲ್ಲ ಪ್ರಭುತ್ವಗಳಿಗೂ ಕರಗತವಾಗಿರುತ್ತದೆ.

ಮರುತಿಂಗಳೇ ನಡೆದ ಲೇಖಕರ ಸಮ್ಮೇಳನದಲ್ಲಿ ಮಿಲನ್ ಕುಂದೇರಾ ಈ ಪ್ರಸಂಗವನ್ನು ಎತ್ತಿ, ತನಗೆ ಅರ್ಥವಾಗದ್ದನ್ನು ಇಲ್ಲವಾಗಿಸಲು ಹೊರಡುವ ವಿಧ್ವಂಸಕ ಮನೋಭಾವದ ಬಗ್ಗೆ ಎಚ್ಚರಿಸಿದರು. 1968ರ ಆಗಸ್ಟ್‌ನಲ್ಲಿ ಸೋವಿಯತ್ ನೇತೃತ್ವದ ಸೇನೆಗಳ ಟ್ಯಾಂಕುಗಳು ಪ್ರಾಗ್‌ನ ಬೀದಿಗಳಿಗೆ ನುಗ್ಗಿದವು. ನೂರಕ್ಕೂ ಹೆಚ್ಚು ನಾಗರಿಕರು ಸತ್ತರು. ಅದಾದ ಬಳಿಕ ಗಟ್ಟಿಯಾಗಿ ಕುಳಿತ ಆಡಳಿತವು ಆ ಆಕ್ರಮಣವನ್ನು ಸೋದರ ರಾಷ್ಟ್ರಗಳ ನೆರವು ಎಂದು ಕರೆಯಿತು. ಖಿತಿಲೋವಾರಂಥವರಿಗೆ ಬಾಗಿಲು ಮುಚ್ಚಿತು. 1970ರ ದಶಕದ ಆರಂಭದ ಹಲವು ವರ್ಷ ಅವರಿಗೆ ಕಥಾಚಿತ್ರ ಮಾಡಲು ಅವಕಾಶವೇ ಸಿಗಲಿಲ್ಲ. ಮೇಜಿನ ಮೇಲಿನ ಊಟ ತುಳಿದದ್ದು ಅಪರಾಧ, ದೇಶವನ್ನೇ ತುಳಿದದ್ದು ನೆರವು! ವಿಡಂಬನೆಯನ್ನು ಸಿನಿಮಾದವರು ಬರೆಯಬೇಕಾದ ಅಗತ್ಯವೇ ಉಳಿಯಲಿಲ್ಲ.

ಇನ್ನು ಇಂದಿನವರ ವಿಷಯ. ಇವರು ಚಿತ್ರವನ್ನು ಬೈಯುವುದಿಲ್ಲ, ಮುದ್ದಿಸುತ್ತಾರೆ. ಹುಡುಗಿಯರ ಉಡುಪು ಚಂದ, ತಲೆಯ ಮೇಲಿನ ಹೂವಿನ ಕಿರೀಟ ಚಂದ, ಯಾರೊಸ್ಲಾವ್ ಕುಚೆರಾರ ಛಾಯಾಗ್ರಹಣದ ಬಣ್ಣಗಳು ಚಂದ. ಜೀರ್ಣೋದ್ಧಾರದಿಂದ ಆ ಬಣ್ಣಗಳು ಇನ್ನಷ್ಟು ಹೊಳೆಯುತ್ತವೆ. ಹುಡುಗಿಯರ ತುಂಟತನವೇ ಬಂಡಾಯ, ಬಂಡಾಯವೇ ಫ್ಯಾಶನ್. ಆದರೆ ಚಿತ್ರ ಮಾಡಿದಾಕೆ ಹೀಗೆ ಹೇಳಿರಲಿಲ್ಲ. 1975ರಲ್ಲಿ ಅಧ್ಯಕ್ಷ ಗುಸ್ತಾವ್ ಹುಸಾಕ್ ಅವರಿಗೆ ಬರೆದ ಪತ್ರದಲ್ಲಿ ಖಿತಿಲೋವಾ ಇದನ್ನು ಒಂದು ನೀತಿಕಥೆ ಎಂದೇ ವಿವರಿಸಿದ್ದರು. ಕೇಡು ಯುದ್ಧದ ವಿನಾಶದಲ್ಲಿ ಮಾತ್ರ ಇರುವುದಿಲ್ಲ, ದಿನನಿತ್ಯದ ಕಿಡಿಗೇಡಿತನದಲ್ಲೂ ಅದರ ಬೇರು ಅಡಗಿರುತ್ತದೆ ಎಂಬುದು ಅವರ ಮಾತಿನ ಸಾರ. ಅಧಿಕಾರಸ್ಥರನ್ನು ಒಲಿಸಿಕೊಳ್ಳಲು ಹಾಗೆ ಬರೆದರೆಂದು ಯಾರಾದರೂ ವಾದಿಸಬಹುದು. ಆದರೆ ಚಿತ್ರವೇ ಅದಕ್ಕೆ ಸಾಕ್ಷಿ. ಬಾಂಬಿನಿಂದ ಆರಂಭಿಸಿ ಬಾಂಬಿನಲ್ಲೇ ಮುಗಿಸಿದ್ದು ಹುಡುಗಾಟಕ್ಕಲ್ಲ.

ಮನೆಯಲ್ಲಿ ಕುಳಿತು ನೋಡುವವರಿಗೆ ಇಲ್ಲೊಂದು ಅಪಾಯವಿದೆ. ಆ ಬಾಂಬು ದಾಳಿಯ ದೃಶ್ಯಗಳು ಬರುವುದು ಆರಂಭದ ಹೆಸರುಗಳ ನಡುವೆ, ತಿರುಗುವ ಯಂತ್ರಚಕ್ರವೊಂದರ ಜೊತೆಗೆ. ಮತ್ತೆ ಬರುವುದು ಕಥೆ ಮುಗಿದ ಮೇಲೆ. ರಿಮೋಟ್ ಕೈಯಲ್ಲಿದ್ದವರು ಸಾಮಾನ್ಯವಾಗಿ ಹಾರಿಸಿಬಿಡುವ ಭಾಗಗಳೇ ಇವು. ಹಾಗೆ ಹಾರಿಸಿದರೆ ಉಳಿಯುವುದು ಇಬ್ಬರು ಚೆಲುವೆಯರು ಕೇಕು ಎರಚಾಡಿದ ತಮಾಷೆ ಮಾತ್ರ. ಪ್ರುಝಿನೆಟ್ಸ್ ನಿಷೇಧದಿಂದ ಸಾಧಿಸಲು ಹೊರಟದ್ದನ್ನು ನಮ್ಮ ಬೆರಳು ಒಂದು ಗುಂಡಿ ಒತ್ತಿ ಸಾಧಿಸಿಬಿಡುತ್ತದೆ.

ಮನೆಯ ಆ ಪರದೆಯ ಮೇಲೆ ನಾವು ವಾರ್ತೆಯನ್ನೂ ನೋಡುತ್ತೇವೆ. ಕುಸಿದ ಕಟ್ಟಡಗಳನ್ನು, ಧೂಳಿನಡಿಯಿಂದ ತೆಗೆದ ಮಕ್ಕಳನ್ನು ನೋಡುತ್ತೇವೆ. ಒಂದೆರಡು ಕ್ಷಣ ನಿಟ್ಟುಸಿರು, ಮತ್ತೆ ಚಾನೆಲ್ ಬದಲು. ಅದೇ ನಾವು, ಯಾರು ಏನು ಉಂಡರು, ಯಾರು ಏನು ಉಟ್ಟರು ಎಂಬುದಕ್ಕೆ ವಾರಗಟ್ಟಲೆ ಜಗಳ ಕಾಯಬಲ್ಲೆವು. ಈ ವಿಷಯದಲ್ಲಿ ಯಾವ ಸಮುದಾಯವೂ ಇನ್ನೊಂದರತ್ತ ಬೆರಳು ತೋರಿಸುವಂತಿಲ್ಲ. ನಮ್ಮ ನೋವುಗಳಿಗೂ ಒಂದು ತಕ್ಕಡಿ ಬೇಕು. ಅದು ಕೆಟ್ಟಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಐವತ್ತು ವರ್ಷಗಳಿಗೂ ಹಿಂದಿನ ಈ ಚಿತ್ರ ಈಗಲೂ ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ ನಮ್ಮ ವಿನಂತಿ ಇಷ್ಟೇ. ಸಿಕ್ಕರೆ ಚಿತ್ರವನ್ನು ನೋಡಿ, ಮೊದಲ ಕ್ಷಣದಿಂದ ಕೊನೆಯ ಅಕ್ಷರದವರೆಗೆ ನೋಡಿ. ಊಟ ತುಳಿಯುವಾಗ ಸಿಟ್ಟು ಬಂದರೆ ಬರಲಿ, ಆ ಸಿಟ್ಟು ನಮ್ಮ ಹಿರಿಯರು ಕೊಟ್ಟದ್ದು, ಅದನ್ನು ಕಳೆದುಕೊಳ್ಳುವುದು ಬೇಡ. ನಗರ ಉರುಳುವ ದೃಶ್ಯ ಬಂದಾಗ ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತೇ ಎಂದು ಮಾತ್ರ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಬರದಿದ್ದರೆ, ಆ ಅರ್ಪಣೆಯ ಸಾಲು ಪ್ರುಝಿನೆಟ್ಸ್ ಒಬ್ಬರಿಗೆ ಬರೆದದ್ದಲ್ಲ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.